ಯಾವುದು ಮೊದಲೋ ಅದು

ಕಾರಿನ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಹಳೆಯ ಇನ್ಶೂರೆನ್ಸ್ ಕಾಗದ, ಧರ್ಮಸ್ಥಳದ ಕುಂಕುಮದ ಪೊಟ್ಟಣ, ಟೋಲ್ ರಸೀದಿಗಳ ಅಡಿಯಲ್ಲಿ ಒಂದು ಪುಸ್ತಕ ಮಲಗಿರುತ್ತದೆ. ಕಾರು ಕೊಂಡ ದಿನ ಶೋರೂಮಿನವರು ಕೈಗಿಟ್ಟದ್ದು, ಆಮೇಲೆ ಮನೆಯಲ್ಲಿ ಯಾರೂ ತೆರೆಯದ್ದು. ಹೋದ ಭಾನುವಾರ ಕಾಫಿ ಲೋಟದ ಜೊತೆ ಅದನ್ನೂ ಹಿಡಿದುಕೊಂಡು ಬಂದು ಜಗಲಿಯ ಮೇಲೆ ಕೂತೆ. ಹಿಂದಿನ ಸಲ ಇಂಜಿನ್ ಆಯಿಲ್ ಬದಲಿಸಿ ಒಂಬತ್ತು ತಿಂಗಳಾಗಿತ್ತು, ಕಾರು 5,600 ಕಿಲೋಮೀಟರ್ ಓಡಿತ್ತು. ಈಗಲೇ ಬದಲಿಸಬೇಕೋ, ಇನ್ನೂ ಓಡಿಸಬಹುದೋ? ಪುಸ್ತಕ ಆಕಾಶವಾಣಿಯ ಗಾಂಭೀರ್ಯದಲ್ಲಿ ಹೇಳಿತು: 10,000 ಕಿಲೋಮೀಟರ್ ಅಥವಾ 12 ತಿಂಗಳು, ಯಾವುದು ಮೊದಲೋ ಅದು. ನಮ್ಮ ಮೆಕ್ಯಾನಿಕ್ ಹೇಳುವುದೇ ಬೇರೆ: "ಸಾರ್, ಐದು ಸಾವಿರಕ್ಕೆ ಚೇಂಜ್ ಮಾಡ್ಸಿ, ಇಂಜಿನ್ ಬೆಣ್ಣೆ ಇದ್ದಂಗಿರುತ್ತೆ." ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಎರಡು ವರ್ಷದಿಂದ ಬಾನೆಟ್ಟನ್ನೇ ಎತ್ತಿಲ್ಲ, ಕೇಳಿದರೆ, "ಓಡ್ತಾ ಇದೆಯಲ್ರೀ!" ಎನ್ನುತ್ತಾರೆ.

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವುದು ನಮ್ಮ ಅಜ್ಜನ ಎತ್ತಿನ ಗಾಡಿ. ತಿಪಟೂರಿನ ಕೊಬ್ಬರಿ ಮಂಡಿಗೆ ಚೀಲ ಹೇರಿಕೊಂಡು ಹೋಗುತ್ತಿದ್ದ ಆ ಗಾಡಿಯ ಅಡಿಯಲ್ಲಿ ಒಂದು ಬಿದಿರಿನ ಗೊಟ್ಟ ತೂಗಾಡುತ್ತಿತ್ತು, ಅದರೊಳಗೆ ಕೀಲೆಣ್ಣೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ ಮಾಡಿದ ಕಪ್ಪು ಲೇಹ್ಯ ಅದು. ಅಜ್ಜ ಕಡಾಣಿ ಕಿತ್ತು, ಚಕ್ರವನ್ನು ಗೇಣುದ್ದ ಹೊರಕ್ಕೆಳೆದು, ಕಡ್ಡಿಗೆ ಸುತ್ತಿದ ಬಟ್ಟೆಯಿಂದ ಇರಚಿಗೆ ಬಳಿಯುವಾಗ ಗೊಟ್ಟ ಹಿಡಿದು ನಿಲ್ಲುವ ಕೆಲಸ ನನ್ನದು. ಆ ಎಣ್ಣೆಗೆ ಒಂದು ವಾಸನೆಯಿತ್ತು, ಸುಟ್ಟದ್ದರ ಮತ್ತು ಹಸಿಯದರ ನಡುವಿನ ವಾಸನೆ. ಚಡ್ಡಿಗೆ ತಗುಲಿದರೆ ಅಮ್ಮ ಎಷ್ಟು ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಎಷ್ಟು ದಿನಕ್ಕೊಮ್ಮೆ ಹಾಕಬೇಕು ತಾತ ಎಂದು ಒಮ್ಮೆ ಕೇಳಿದ್ದೆ. "ಒಣದಾರಿ ಗಾಡಿ ಎರಡು ಸಂತೆ ತಡೀತದೆ. ಹಳ್ಳ ದಾಟಿ ಬಂದ ಗಾಡಿಗೆ ಅವತ್ತು ರಾತ್ರಿನೇ ಹಾಕ್ಬೇಕು" ಎಂದಿದ್ದರು.

ಹರಳೆಣ್ಣೆಯ ಮಾತು ಬಂದಾಗ ಇನ್ನೊಂದನ್ನು ಹೇಳಿಬಿಡುತ್ತೇನೆ, ಕಾರು ಎಲ್ಲಿಗೂ ಹೋಗುವುದಿಲ್ಲ. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೇ ಹರಳೆಣ್ಣೆಯ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್ ಆಯಿಲ್‌ನಿಂದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಎಂಬವರ ಕಂಪನಿ ತನ್ನ ಎಣ್ಣೆಗೆ ಅದನ್ನು ಬೆರೆಸುತ್ತಿತ್ತು. ಮೊದಲ ಮಹಾಯುದ್ಧದ ಎಷ್ಟೋ ವಿಮಾನಗಳ ಇಂಜಿನ್ನುಗಳಿಗೂ ಹರಳೆಣ್ಣೆಯೇ ಗತಿ. ತಿಪಟೂರು ದಾರಿಯ ಗೊಟ್ಟದಲ್ಲಿ ತೂಗುತ್ತಿದ್ದದ್ದು ಆಕಾಶದಲ್ಲೂ ಹಾರಿತ್ತು ಎಂಬುದು ಗೊತ್ತಾದ ದಿನ ನನಗೆ ಅಜ್ಜನಿಗೆ ಹೇಳಬೇಕೆನಿಸಿತ್ತು, ಅಷ್ಟು ಹೊತ್ತಿಗೆ ಅವರು ಇರಲಿಲ್ಲ. ಸಂಸ್ಕೃತದಲ್ಲಿ ಎಣ್ಣೆಗೂ ಸ್ನೇಹವೆಂದೇ ಹೆಸರು. ಎರಡು ಒರಟು ವಸ್ತುಗಳು ಒಂದನ್ನೊಂದು ಕೊರೆಯದೆ ಇರುವುದಕ್ಕೆ ನಡುವೆ ಬೇಕಾದ ತೆಳ್ಳನೆಯ ಪದರ ಎಂಬ ಅರ್ಥದಲ್ಲಿ ನೋಡಿದರೆ ಎರಡೂ ಒಂದೇ ಎಂದು ನಮ್ಮ ಹಿರಿಯರಿಗೆ ಕಂಡಿರಬೇಕು.

ಕಾರಿಗೆ ಬರೋಣ. ಇಂಜಿನ್ನಿನಲ್ಲಿ ಆ ಪದರಕ್ಕೆ ಕೆಲಸ ವಿಪರೀತ. ಉಜ್ಜಾಟ ತಪ್ಪಿಸಬೇಕು, ನೀರು ಮುಟ್ಟದ ಕಡೆಯ ಬಿಸಿ ಹೊತ್ತು ತರಬೇಕು, ಮಸಿಯನ್ನು ಒಂದೆಡೆ ಗಡ್ಡೆಗಟ್ಟಲು ಬಿಡದೆ ಮೈಯಲ್ಲೇ ತೇಲಿಸಿಕೊಂಡಿರಬೇಕು, ಪೆಟ್ರೋಲು ಉರಿದಾಗ ಹುಟ್ಟುವ ಆಮ್ಲವನ್ನು ಶಮನಗೊಳಿಸಬೇಕು. ಇದಕ್ಕೆಂದೇ ಎಣ್ಣೆಯಲ್ಲಿ ಬೆರೆಸಿದ ರಾಸಾಯನಿಕಗಳು ದಿನದಿನಕ್ಕೆ ಸವೆಯುತ್ತವೆ. ಎಣ್ಣೆ ಉಳಿದಿರುತ್ತದೆ, ಅದರ ಶಕ್ತಿ ಹೋಗಿರುತ್ತದೆ. ಜೊತೆಗೆ ನೀರಿನ ಕಾಟ. ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ ಎಂದರೆ ನೀವು ನಂಬಲಿಕ್ಕಿಲ್ಲ, ಆದರೆ ನಿಜ. ಬಹುಪಾಲು ಆವಿಯಾಗಿ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಒಂದಿಷ್ಟು ಪಿಸ್ಟನ್ನಿನ ಉಂಗುರಗಳ ಸಂದಿನಲ್ಲಿ ನುಸುಳಿ ಕೆಳಗಿನ ಎಣ್ಣೆಗೆ ಸೇರುತ್ತದೆ. ಗಂಟೆಗಟ್ಟಲೆ ಓಡಿದ ಇಂಜಿನ್ನಿನಲ್ಲಿ ಎಣ್ಣೆ ಚೆನ್ನಾಗಿ ಕಾದು ಆ ನೀರು ಹಾರಿಹೋಗುತ್ತದೆ. ಆದರೆ ನಮ್ಮ ಮನೆಯಿಂದ ಗಾಂಧಿಬಜಾರಿಗೆ ಮೂರೇ ಕಿಲೋಮೀಟರ್. ಹೂವು, ವೀಳ್ಯದೆಲೆ, ಅರ್ಧ ಕಿಲೋ ಅವರೆಕಾಯಿ ತಂದು ಕಾರು ನಿಲ್ಲಿಸುವಾಗ ಟೆಂಪರೇಚರ್ ಮುಳ್ಳು ಮೇಲೆ ಬಂದಿರುತ್ತದೆ, ಆದರೆ ಅದು ತೋರಿಸುವುದು ರೇಡಿಯೇಟರ್ ನೀರಿನ ಬಿಸಿ. ಎಣ್ಣೆ ಕಾಯುವುದು ನಿಧಾನ, ಅದಿನ್ನೂ ಉಗುರುಬೆಚ್ಚಗೇ ಇರುತ್ತದೆ. ಹೋದ ಡಿಸೆಂಬರಿನಲ್ಲಿ ಎಣ್ಣೆ ಹುಯ್ಯುವ ಮುಚ್ಚಳ ತಿರುಗಿಸಿ ತೆಗೆದಾಗ ಅದರ ಒಳಬದಿಗೆ ಹಳದಿ ಬಿಳುಪಿನ ನೊರೆ, ಹಸುವಿನ ಗಿಣ್ಣದ ಹಾಗೆ ಅಂಟಿಕೊಂಡಿತ್ತು. ಎದೆ ಧಸಕ್ಕೆಂದಿತು. ಮೆಕ್ಯಾನಿಕ್ ಬಂದು ನೋಡಿ, ರೇಡಿಯೇಟರ್ ನೀರಿನ ಮಟ್ಟ ಇಳಿದಿಲ್ಲವೆಂದು ಖಚಿತಮಾಡಿಕೊಂಡು, "ಗಾಡಿನ ಒಂದ್ಸಲ ಮೈಸೂರಿಗೆ ಓಡಿಸ್ಕೊಂಡ್ ಬನ್ನಿ ಸಾರ್" ಎಂದ. ಹೋಗಿ ಬಂದೆವು, ಮದ್ದೂರಿನಲ್ಲಿ ವಡೆಯೂ ಆಯಿತು. ಆಮೇಲೆ ಮುಚ್ಚಳ ತೆಗೆದರೆ ನೊರೆಯ ಸುಳಿವಿಲ್ಲ.

ಅಂದರೆ ಗಾಂಧಿಬಜಾರಿನ ದಾರಿಯೇ ನಮ್ಮ ಕಾರಿಗೆ ಹಳ್ಳ, ಮೈಸೂರಿನದು ಒಣದಾರಿ. ಪುಸ್ತಕವೂ ಇದನ್ನು ಒಪ್ಪುತ್ತದೆ, ಸಣ್ಣ ಅಕ್ಷರದಲ್ಲಿ. 10,000ದ ಪಟ್ಟಿ ಮುಗಿದ ಮೇಲೆ, ಕಣ್ಣು ದಣಿದು ಪುಸ್ತಕ ಮುಚ್ಚುವ ಹೊತ್ತಿಗೆ ಸಿಗುವ ಪುಟದಲ್ಲಿ 'ಕಠಿಣ ಪರಿಸ್ಥಿತಿ' ಎಂಬ ತಲೆಬರಹವಿದೆ: ಪದೇಪದೇ ಚಿಕ್ಕ ಪ್ರಯಾಣ, ನಿಂತು ನಿಂತು ಸಾಗುವ ಟ್ರಾಫಿಕ್, ದೂಳಿನ ರಸ್ತೆ. ಇಂಥಲ್ಲಿ ಓಡುವ ಕಾರಿಗೆ ಎಣ್ಣೆಯನ್ನು ಬೇಗ ಬದಲಿಸಿ ಎನ್ನುತ್ತದೆ. ಓದುತ್ತಾ ಹೋದರೆ ಬೆಂಗಳೂರಿನ ಯಾವ ಕಾರು ಈ ಪಟ್ಟಿಯಿಂದ ಹೊರಗಿದೆ ಎಂದು ಹುಡುಕಬೇಕು.

ಪೆನ್ನು ತಂದು ಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ ಲೆಕ್ಕ ಹಾಕಿದೆ. ಹೆದ್ದಾರಿಯಲ್ಲಿ ಗಂಟೆಗೆ 60ರ ಸರಾಸರಿಯಲ್ಲಿ 10,000 ಕಿಲೋಮೀಟರ್ ಮುಗಿಸಲು ಇಂಜಿನ್ ಸುಮಾರು 167 ಗಂಟೆ ದುಡಿಯಬೇಕು. ನಮ್ಮ ಊರಿನಲ್ಲಿ ಗಂಟೆಗೆ 18ರಂತೆ ತೆವಳಿದರೆ ಅದೇ 10,000ಕ್ಕೆ ಸುಮಾರು 556 ಗಂಟೆ. ಮೂರು ಪಟ್ಟಿಗೂ ಮೀರಿತು! ಸಿಲ್ಕ್ ಬೋರ್ಡಿನ ಸಿಗ್ನಲ್ಲಿನಲ್ಲಿ ಎರಡು ನಿಮಿಷ ನಿಂತರೆ, ನಿಮಿಷಕ್ಕೆ 800 ಸುತ್ತಿನಂತೆ ಇಂಜಿನ್ 1,600 ಸುತ್ತು ತಿರುಗಿರುತ್ತದೆ, ಕಿಲೋಮೀಟರ್ ಮೀಟರ್ ಒಂದು ಕೂದಲೆಳೆಯಷ್ಟೂ ಕದಲಿರುವುದಿಲ್ಲ. ಎಣ್ಣೆ ಮಾತ್ರ ಅಷ್ಟೂ ಸುತ್ತನ್ನು ಅನುಭವಿಸಿರುತ್ತದೆ.

ಎಣ್ಣೆ ಕಪ್ಪಾದರೆ ಕೆಟ್ಟಿತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಮಸಿಯನ್ನು ತೇಲಿಸಿ ಹಿಡಿದಿಡುವುದೇ ಅದರ ಉದ್ಯೋಗವಾದ್ದರಿಂದ ಕಪ್ಪಾಗಲೇಬೇಕು. ಡೀಸೆಲ್ ಗಾಡಿಯಲ್ಲಂತೂ ಹೊಸ ಎಣ್ಣೆ ಹಾಕಿದ ಕೆಲವೇ ದಿನಕ್ಕೆ ಮಸಿಯಾಗುತ್ತದೆ. ಬೆರಳಿಗೆ ತಗುಲಿದ ಬಣ್ಣ ನೋಡಿ ತೀರ್ಪು ಕೊಡಲಾಗದು. ಹಾಗೆಂದು ಮೇಷ್ಟ್ರ ದಾರಿಯೂ ಬೇಡ. ನಮ್ಮ ನೆಂಟರೊಬ್ಬರ ಕಾರು ಎರಡೂವರೆ ವರ್ಷ ಒಂದೇ ಎಣ್ಣೆಯಲ್ಲಿ ಓಡಿ, ಒಂದು ದಿನ ಕೆಂಪು ದೀಪ ಹತ್ತಿ ಕಟಕಟ ಸದ್ದು ಮಾಡಿ ನಿಂತಿತು. ಇಂಜಿನ್ ಬಿಚ್ಚಿದಾಗ ನಾನು ಅಲ್ಲೇ ಇದ್ದೆ. ಎಣ್ಣೆ ಹೀರುವ ಜಾಲರಿಯ ತುಂಬ ಕಾಕಂಬಿಯಂಥ ಕಪ್ಪು ಕೆಸರು. ಸ್ಕ್ರೂಡ್ರೈವರಿನ ತುದಿಯಿಂದ ಕೆರೆದರೆ ಹಲಸಿನ ಮೇಣದ ಹಾಗೆ ಎಳೆ ಎಳೆಯಾಗಿ ಬಂತು. ಮೂರು ಲೀಟರ್ ಎಣ್ಣೆಯ ಖರ್ಚು ಉಳಿಸಹೋಗಿ ಅವರು ತೆತ್ತದ್ದು ಇಡೀ ಇಂಜಿನ್ನಿನ ರಿಪೇರಿ. ಆ ಜಾಲರಿಯನ್ನು ಮೇಷ್ಟ್ರಿಗೆ ತೋರಿಸಲಾಗಲಿಲ್ಲವಲ್ಲ ಎಂಬ ಬೇಸರ ನನಗೆ ಈಗಲೂ ಇದೆ.

ಮೆಕ್ಯಾನಿಕ್‌ನ ಐದು ಸಾವಿರವನ್ನೂ ನಾನು ತಳ್ಳಿಹಾಕುವುದಿಲ್ಲ. ಅವನು ಕೆಲಸ ಕಲಿತದ್ದು ಅಂಬಾಸಿಡರ್, ಪದ್ಮಿನಿ, ಮಾರುತಿ 800ರ ಕಾಲದಲ್ಲಿ; ಆಗಿನದು 20ಡಬ್ಲ್ಯೂ-40ರ ಮಿನರಲ್ ಎಣ್ಣೆ, ಬೇಗ ಸೋಲುತ್ತಿತ್ತು. ಅಮೆರಿಕದಲ್ಲೂ ಬಹುಕಾಲ 3,000 ಮೈಲಿಯ, ಅಂದರೆ ಸುಮಾರು 4,800 ಕಿಲೋಮೀಟರಿನ ರೂಢಿಯಿತ್ತು. ಇಂದಿನ ಸಿಂಥೆಟಿಕ್ ಎಣ್ಣೆಗಳು ಅದಕ್ಕಿಂತ ಬಹಳ ಗಟ್ಟಿ. ಡಬ್ಬಿಯ ಮೇಲಿನ 5ಡಬ್ಲ್ಯೂ-30ರಲ್ಲಿ ಡಬ್ಲ್ಯೂ ಎಂದರೆ ವಿಂಟರ್, ಚಳಿಗಾಲ. ಮೊದಲ ಅಂಕಿ ಚಳಿಯಲ್ಲಿ ಹರಿಯುವ ಬಗೆಗೆ, ಎರಡನೆಯದು ಕಾದಾಗಿನ ಮಂದಕ್ಕೆ. ಪುಸ್ತಕದಲ್ಲಿ ಯಾವ ಅಂಕಿಯಿದೆಯೋ ಅದನ್ನೇ ಹಾಕಿಸಿ, ಮಂದ ಇದ್ದಷ್ಟೂ ಒಳ್ಳೆಯದು ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ಕಾಫಿ ಆರಿಹೋಗುವ ಹೊತ್ತಿಗೆ ನಾನು ತೀರ್ಮಾನಿಸಿದ್ದು ಇದು. ವಾರವಾರ ಹೆದ್ದಾರಿ ಹಿಡಿಯುವ ಕಾರಿಗೆ ಪುಸ್ತಕದ 10,000, ಅಥವಾ ವರ್ಷ. ನಮ್ಮದರಂತೆ ಊರೊಳಗೇ ತೆವಳುವ ಕಾರಿಗೆ ಸಿಂಥೆಟಿಕ್ ಎಣ್ಣೆಯೇ ಇದ್ದರೂ ಆರು ಸಾವಿರಕ್ಕೆ ಬದಲಾವಣೆ. ಅಷ್ಟು ಓಡದಿದ್ದರೂ ವರ್ಷ ದಾಟಿಸುವಂತಿಲ್ಲ. ಎಣ್ಣೆ ಬದಲಿಸಿದಾಗಲೆಲ್ಲ ಫಿಲ್ಟರೂ ಹೊಸದೇ ಆಗಬೇಕು. ನಮ್ಮ ಕಾರು ಆರು ಸಾವಿರದ ಹತ್ತಿರ ಬಂದೇ ಇದ್ದುದರಿಂದ ಮರುದಿನವೇ ಗ್ಯಾರೇಜಿಗೆ ಹೋಗಿ ಎದುರಿಗೆ ನಿಂತೆ. ಬೋಲ್ಟು ಬಿಚ್ಚಿದೊಡನೆ ಬಿಸಿ ಎಣ್ಣೆ ದಾರದಂತೆ ಬಾಣಲೆಗೆ ಇಳಿಯಿತು. ಹೊಸ ಫಿಲ್ಟರಿನ ರಬ್ಬರ್ ಉಂಗುರಕ್ಕೆ ಹುಡುಗ ಬೆರಳಲ್ಲಿ ಒಂದು ಸುತ್ತು ಹೊಸ ಎಣ್ಣೆ ಸವರಿ ಕೈಯಲ್ಲೇ ಬಿಗಿ ಮಾಡಿದ. ಇಳಿದ ಎಣ್ಣೆಯನ್ನು ಅವರು ಮೋರಿಗೆ ಸುರಿಯದೆ ಪೀಪಾಯಿಯಲ್ಲಿ ಕೂಡಿಟ್ಟು ಶುದ್ಧೀಕರಿಸುವವರಿಗೆ ಕೊಡುತ್ತಾರೆಂಬುದನ್ನೂ ಕೇಳಿ ತಿಳಿದುಕೊಂಡೆ. ನೀವೂ ನಿಮ್ಮ ಗ್ಯಾರೇಜಿನಲ್ಲಿ ಕೇಳಿ.

ಇಷ್ಟೆಲ್ಲ ಮಾಡಿಯೂ ಎರಡು ಬದಲಾವಣೆಗಳ ನಡುವೆ ಎಣ್ಣೆಯ ಮಟ್ಟ ನೋಡದಿದ್ದರೆ ಪ್ರಯೋಜನವಿಲ್ಲ, ಹಳೆಯ ಇಂಜಿನ್ನುಗಳು ಎಣ್ಣೆ ಕುಡಿಯುತ್ತವೆ. ನಾಳೆ ಬೆಳಿಗ್ಗೆ, ಸಮತಟ್ಟಾದ ಜಾಗದಲ್ಲಿ ಕಾರು ನಿಂತಿರುವಾಗ, ಸ್ಟಾರ್ಟ್ ಮಾಡುವ ಮೊದಲು ಬಾನೆಟ್ ಎತ್ತಿ ಡಿಪ್‌ಸ್ಟಿಕ್ ಎಳೆಯಿರಿ. ಒರೆಸಿ ಮತ್ತೆ ಇಳಿಸಿ ಮತ್ತೊಮ್ಮೆ ಎಳೆಯಿರಿ. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು.