ನಮ್ಮ ಏರಿಯಾ ಅಡುಗೆ – 6: ಬೆಲ್ಲದ ತೆರಿಯಾಕಿ

"ತೆರಿಯಾಕಿ ಸಾಸ್ ಎಲ್ಲಿ ತಗೊಂಡೆ?" ಅಂತ ತುಂಬ ಜನ ಮೆಸೇಜ್ ಮಾಡಿದೀರಿ. ಎಲ್ಲೂ ತಗೊಂಡಿಲ್ಲ, ಮನೇಲೇ ಮಾಡಿದ್ದು. ಜಪಾನೀ ಭಾಷೇಲಿ 'ತೆರಿ' ಅಂದ್ರೆ ಹೊಳಪು, 'ಯಾಕಿ' ಅಂದ್ರೆ ಸುಟ್ಟಿದ್ದು. ಸೋಯಾ ಸಾಸ್‌ಗೆ ಸಿಹಿ ಸೇರಿಸಿ, ಮೀನಿಗೋ ಕೋಳಿಗೋ ಬಳಿದು, ಮಿರಮಿರ ಮಿಂಚೋ ತನಕ ಬೇಯಿಸೋದು. ಅಷ್ಟೇ.

ಜಪಾನಲ್ಲಿ ಇದಕ್ಕೆ ಮಿರಿನ್, ಸಾಕೆ ಹಾಕ್ತಾರೆ. ಎರಡೂ ಅಕ್ಕಿಯಿಂದ ಮಾಡೋ ಮದ್ಯ. ಅಸಲಿ ಮಿರಿನ್‌ನಲ್ಲಿ ಸುಮಾರು ಶೇ. 14ರಷ್ಟು ಆಲ್ಕೋಹಾಲ್ ಇರತ್ತೆ. ಕುದಿಸಿದ್ರೂ ಪೂರ್ತಿ ಹೋಗಲ್ಲ.

ಇದು ನಂಗೆ ಯಾಕೆ ಮುಖ್ಯ ಅಂದ್ರೆ, ನಮ್ಮ ಗ್ಯಾಂಗಲ್ಲಿ ಶಿವಾಜಿನಗರದ ಒಬ್ಬಳು ಗೆಳತಿ ಇದಾಳೆ. ಇಂದಿರಾನಗರದಲ್ಲಿ ಊಟಕ್ಕೆ ಕೂತಾಗೆಲ್ಲ "ಹಸಿವಿಲ್ಲ ಕಣೇ" ಅಂತ ಬರೀ ಲೈಮ್ ಸೋಡಾ ಕುಡೀತಾಳೆ. ಒಂದಿನ ವಾಪಸ್ ಬರೋವಾಗ ಹೇಳಿದ್ಲು: "ಸಾಸಲ್ಲಿ ಏನಿದೆ ಅಂತ ಎಲ್ಲರ ಮುಂದೆ ಕೇಳೋಕೆ ಒಂಥರಾ ಆಗತ್ತೆ."

ಆ ಭಾನುವಾರನೇ ಹಲಸೂರಿನ ನಮ್ಮನೇಲಿ ಊಟ ಅಂತ ಫಿಕ್ಸ್ ಮಾಡಿದ್ವಿ. ಚಿಕನ್ ಅವಳೇ ರಸೆಲ್ ಮಾರ್ಕೆಟ್ ಕಡೆಯಿಂದ ತಂದ್ಲು. ಕೆ.ಆರ್. ಪುರದ ಗೆಳತಿ ಸಸ್ಯಾಹಾರಿ, ಅವಳಿಗೆ ಪನೀರು.

ಹುದುಗಿಸಿ ಮಾಡಿದ ಸೋಯಾ ಸಾಸಲ್ಲೂ ಸ್ವಲ್ಪ ಆಲ್ಕೋಹಾಲ್ ತಾನಾಗೇ ಹುಟ್ಟತ್ತೆ. "ಇಷ್ಟೇ ತಾನೆ" ಅಂತ ಅವಳ ಪರವಾಗಿ ತೀರ್ಮಾನ ಮಾಡೋಕೆ ನಾನ್ಯಾರು? ಲೇಬಲ್ ಫೋಟೋ ಕಳಿಸ್ದೆ. ಮನೇಲಿ ಕೇಳ್ಕೊಂಡು "ಇದು ನಡಿಯತ್ತೆ" ಅಂದ್ಲು.

ಅರ್ಧ ಕೆಜಿ ಬೋನ್‌ಲೆಸ್ ಚಿಕನ್‌ಗೆ, ದೊಡ್ಡ ಚಮಚದ ಲೆಕ್ಕ:
▪️ ಸೋಯಾ ಸಾಸ್ 4
▪️ ನೀರು 4
▪️ ಪುಡಿ ಬೆಲ್ಲ 3
▪️ ನಿಂಬೆರಸ 1
▪️ ತುರಿದ ಶುಂಠಿ 1 ಇಂಚು, ಬೆಳ್ಳುಳ್ಳಿ 2 ಎಸಳು

ಉಪ್ಪು ಬೇಡ, ಸೋಯಾದಲ್ಲೇ ಬೇಕಾದಷ್ಟಿದೆ. ಬೆಲ್ಲ ಕರಗೋವರೆಗೆ ಬಿಸಿ ಮಾಡಿ, ಆರಿಸಿ, ಸೋಸಿ. ಈಗಲೇ ಅರ್ಧ ತೆಗೆದಿಡಿ. ಹಸಿ ಚಿಕನ್ ನೆನೆಸಿದ್ದನ್ನ ಮೇಲೆ ಸುರಿಯೋ ಹಾಗಿಲ್ಲ. ಉಳಿದರ್ಧದಲ್ಲಿ ಚಿಕನ್ ಹಾಕಿ ಅರ್ಧ ಗಂಟೆ ಫ್ರಿಜ್ಜಲ್ಲಿಡಿ. ಪನೀರಿಗೆ, ತೆಗೆದಿಟ್ಟಿದ್ರಲ್ಲೇ ಸ್ವಲ್ಪ ಬೇರೆ ಬಟ್ಟಲಿಗೆ ಹಾಕ್ಕೊಂಡು ಹತ್ತು ನಿಮಿಷ ನೆನೆಸಿದ್ರೆ ಸಾಕು. ಬಾಣಲೆನೂ ಬೇರೆ.

ಸಣ್ಣ ಉರೀಲಿ ಬೇಯಿಸಿ, ಬೆಲ್ಲ ಬೇಗ ಸೀಯತ್ತೆ. ಚಿಕನ್ ಒಳಗೂ ಪೂರ್ತಿ ಬೆಂದ ಮೇಲೆ, ತೆಗೆದಿಟ್ಟ ಸಾಸ್ ಸುರಿದು ಕುದಿಸಿ. ನಮ್ಮಮ್ಮ ಇಣುಕಿ ನೋಡಿ, "ಏನೇ, ಚಿಕನ್‌ಗೆ ಪಾಕ ಹಿಡೀತಿದೀಯಾ?" ಅಂದ್ರು. ಅಕ್ಷರಶಃ ಅದೇ! ಆದ್ರೆ ಎಳೆ ಪಾಕದ ತನಕ ಹೋಗಬೇಡಿ. ಚಮಚದ ಹಿಂಭಾಗಕ್ಕೆ ಅಂಟಿದ ಕೂಡಲೇ ಇಳಿಸಿ.

"ಇದು ಅಸಲಿ ತೆರಿಯಾಕಿ ಅಲ್ಲ" ಅನ್ನೋರಿಗೆ: ಹೌದು, ಅಲ್ಲ. ಹವಾಯಿಯಲ್ಲಿ ಅನಾನಸ್ ರಸ ಹಾಕ್ತಾರೆ, ಹಲಸೂರಲ್ಲಿ ನಾವು ಬೆಲ್ಲ ಹಾಕಿದ್ವಿ. ಶಿವಾಜಿನಗರದವಳು ಸೋನಾ ಮಸೂರಿ ಅನ್ನದ ಜೊತೆ ಎರಡು ಸಲ ಹಾಕಿಸ್ಕೊಂಡ್ಲು. ನಂಗೆ ಅಷ್ಟೇ ಸಾಕು.

ನೀವೂ ಮನೆಗೆ ಫ್ರೆಂಡ್ಸ್ ಕರೆಯೋ ಮುಂಚೆ ಒಂದೊಂದೇ ಮೆಸೇಜ್ ಹಾಕಿ: "ಏನು ತಿನ್ನಲ್ಲ, ಹೇಳು." ಗ್ರೂಪಲ್ಲಿ ಬೇಡ, ಪರ್ಸನಲ್ ಆಗಿ.

ಮುಂದಿನ ಭಾಗ: ಉಳಿದ ಸಾಸಲ್ಲಿ ಬದನೆಕಾಯಿ. ಸೇವ್ ಮಾಡ್ಕೊಳ್ಳಿ 🍚

#ನಮ್ಮಏರಿಯಾಅಡುಗೆ #ಹಲಸೂರು #ಶಿವಾಜಿನಗರ