ಅವ್ವನ ಮೆಟ್ಟಿಲು

ಮಾನವತಾವಾದಿ ಮನೋವಿಜ್ಞಾನದ ಪ್ರವರ್ತಕರಲ್ಲೊಬ್ಬರಾದ ಅಮೆರಿಕದ ಅಬ್ರಹಾಂ ಮ್ಯಾಸ್ಲೋ ಅವರ ಅಗತ್ಯಗಳ ಶ್ರೇಣಿಯನ್ನು ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ನಾನು ಬಹುಕಾಲ ಬೋಧಿಸಿದೆನು. ಕರಿಹಲಗೆಯ ಮೇಲೆ ತ್ರಿಕೋನ ಬರೆದು ಅನ್ನ, ಸುರಕ್ಷತೆ, ಪ್ರೀತಿ, ಗೌರವ, ತುದಿಯಲ್ಲಿ ಸ್ವಸಾಮರ್ಥ್ಯದ ಪೂರ್ಣ ವಿಕಾಸ ಎಂದು ತುಂಬಿಸಿ, ಕೆಳಗಿನದು ತೀರದೆ ಮೇಲಿನದು ಹುಟ್ಟದೆನ್ನುತ್ತಿದ್ದೆ. ಪರೀಕ್ಷೆಗೆ ಅಷ್ಟು ಸಾಕಾಗಿತ್ತು.

ಒಮ್ಮೆ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, "ಸರ್, ನಮ್ಮವ್ವ ತಾ ಉಪವಾಸ ಇದ್ದು ನಮಗ ಉಣಸ್ತಾಳ. ಆಕಿ ಯಾವ ಮೆಟ್ಟಲದಾಗ ಬರತಾಳ್ರೀ?" ಎಂದನು. ಪಠ್ಯದಲ್ಲಿಲ್ಲದ್ದನ್ನು ಕೇಳಬೇಡವೆಂದು ಕೂರಿಸಿದೆನು.

ನಿವೃತ್ತನಾದ ಮೇಲೆ ಮ್ಯಾಸ್ಲೋ ಅವರ 1943ರ ಮೂಲ ಲೇಖನವನ್ನೇ ಓದಿದೆನು. ಅದರಲ್ಲಿ ತ್ರಿಕೋನವೇ ಇಲ್ಲ! ಈ ಕ್ರಮವು ಅಚಲವಲ್ಲ, ಒಂದು ಅಗತ್ಯವು ಪೂರ್ತಿ ತೀರುವ ಮುನ್ನವೇ ಇನ್ನೊಂದು ತಲೆಯೆತ್ತುವುದುಂಟು, ಆದರ್ಶಕ್ಕಾಗಿ ಸರ್ವಸ್ವವನ್ನೂ ತೊರೆಯುವವರುಂಟು ಎಂದು ಅವರೇ ಬರೆದಿದ್ದಾರೆ.

ಆ ಹುಡುಗನ ಹೆಸರು ನೆನಪಿದೆ, ವಿಳಾಸ ಗೊತ್ತಿಲ್ಲ.