ಹನ್ನೊಂದು ತಿಂಗಳ ಗೃಹವಾಸ

'ಉದ್ಯೋಗಂ ಪುರುಷಲಕ್ಷಣಂ' ಎಂದು ಹಿರಿಯರು ಹೇಳಿಬಿಟ್ಟಿದ್ದಾರೆ. ಉದ್ಯೋಗ ತಪ್ಪಿದ ಪುರುಷನಲ್ಲಿ ಯಾವ ಲಕ್ಷಣ ಉಳಿಯುತ್ತದೆಂಬುದನ್ನಾಗಲಿ, ಆ ಅವಧಿಯಲ್ಲಿ ಅವನ ಹೆಂಡತಿ ಮಕ್ಕಳು ಹೇಗೆ ದಿನ ನೂಕಬೇಕೆಂಬುದನ್ನಾಗಲಿ ಅವರು ಹೇಳಲಿಲ್ಲ. 2020ರ ಮಾರ್ಚ್ ಕೊನೆಯಿಂದ 2021ರ ಫೆಬ್ರವರಿ ಕೊನೆಯವರೆಗೆ, ಹನ್ನೊಂದು ತಿಂಗಳ ಕಾಲ, ಈ ಪ್ರಶ್ನೆಗೆ ಉತ್ತರವನ್ನು ನಾವೇ ಹುಡುಕಿಕೊಳ್ಳಬೇಕಾಯಿತು. ನಾವು ಎಂದರೆ ಗಂಡ ಹೆಂಡತಿ ಇಬ್ಬರೂ. ಈ ಬರಹವನ್ನು ಇಬ್ಬರೂ ಕೂಡಿ ಬರೆಯುತ್ತಿರುವುದರಿಂದ, ಒಬ್ಬೊಬ್ಬರ ವಿಷಯ ಬಂದಾಗ 'ಮಗುವಿನ ತಂದೆ', 'ಮಗುವಿನ ತಾಯಿ' ಎಂದಷ್ಟೇ ಹೇಳುತ್ತೇವೆ. ಓದುಗರು ಇದನ್ನು ಸಂಕೋಚವೆಂದು ಭಾವಿಸದೆ ಅನುಕೂಲವೆಂದು ಭಾವಿಸಬೇಕು.

ನಮ್ಮ ಮನೆ ಇರುವುದು ಮಂಜೇಶ್ವರದ ಸಮೀಪ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದಕ್ಕೆ ಮುಂಚೆ ನಾವೂ ಮಂಗಳೂರಿನವರೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯವರು. ಭೂಪಟದ ಮೇಲೆ ಗೆರೆ ಬಿದ್ದರೂ, ಈ ಕಡೆಯ ಎಷ್ಟೋ ಮನೆಗಳ ಬಾಳು ಆ ಗೆರೆಯನ್ನು ದಿನಕ್ಕೆ ಎರಡು ಸಲ ದಾಟುತ್ತಲೇ ಬಂದಿದೆ. ನಮಗೆ ಮತವೂ ರೇಶನ್ ಕಾರ್ಡೂ ಈಚೆ. ಕಾಲೇಜು, ದೊಡ್ಡಾಸ್ಪತ್ರೆ, ಸಂಬಳ ಮೂರೂ ಆಚೆ. ಮಗುವಿನ ತಂದೆ ಮಂಗಳೂರಿನ ಒಂದು ಮುದ್ರಣಾಲಯದಲ್ಲಿ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಕರಡು ತಿದ್ದುವ ಕೆಲಸದಲ್ಲಿದ್ದರು. ತಿಂಗಳಿಗೆ 16,000 ರೂಪಾಯಿ ಸಂಬಳ. ಬೆಳಗಿನ ರೈಲಿಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತಿದ್ದರು. ಮಗುವಿನ ತಾಯಿ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದರು. ಮನೆಯಲ್ಲಿ ಅಜ್ಜಿ ಇದ್ದರು. ಒಂದು ವರ್ಷ ನಾಲ್ಕು ತಿಂಗಳ ಮಗಳಿದ್ದಳು.

2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ನಮಗೆ ಅದರ ಮೇಲೆ ಇನ್ನೊಂದು ಬಾಗಿಲು. ರೈಲು ನಿಂತಿತು, ತಲಪಾಡಿಯಲ್ಲಿ ಹೆದ್ದಾರಿ ಮುಚ್ಚಿತು, ಒಳದಾರಿಗಳಿಗೆ ಮಣ್ಣಿನ ರಾಶಿ ಬಿತ್ತು. ಅಷ್ಟು ವರ್ಷ ಬರಿಯ ಮಾತಿನಲ್ಲಿದ್ದ ಗಡಿ ಈಗ ಕಣ್ಣಿಗೆ ಕಾಣುವ ವಸ್ತುವಾಯಿತು. ಜೂನಿನಲ್ಲಿ ನಿತ್ಯ ಪ್ರಯಾಣಿಕರಿಗೆ ಪಾಸಿನ ವ್ಯವಸ್ಥೆ ಬಂತು. ಜುಲೈಯಲ್ಲಿ ಅದೂ ನಿಂತಿತು. ಮಳೆಗಾಲ ಕಳೆದು ದಾರಿ ತೆರೆಯುವಷ್ಟರಲ್ಲಿ ಆಚೆ ಕೆಲಸವೇ ಉಳಿದಿರಲಿಲ್ಲ. ಆ ಮುದ್ರಣಾಲಯ ಬದುಕಿದ್ದುದು ಮದುವೆಯ ಕರೆಯೋಲೆಗಳ ಮೇಲೆ. ಐವತ್ತು ಜನಕ್ಕೆ ಮಿತಿಯಿದ್ದ ಮದುವೆಗೆ ಕರೆಯೋಲೆ ಅಚ್ಚು ಹಾಕಿಸುವವರು ಯಾರು? ಯಜಮಾನರು ಏಪ್ರಿಲಿನಲ್ಲಿ ಅರ್ಧ ಸಂಬಳ ಕಳುಹಿಸಿದರು. ಮೇ ತಿಂಗಳಲ್ಲಿ ತಾವೇ ಫೋನು ಮಾಡಿ, ಇನ್ನು ತಮ್ಮಿಂದ ಆಗದೆಂದು ಹೇಳುತ್ತ ಅತ್ತರು. ಅವರ ಮೇಲೆ ನಮಗೆ ಮುನಿಸಿಲ್ಲ.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದೆಂಬುದು ಗಾದೆ. ನಮ್ಮಲ್ಲಿ ಕುಡಿಕೆಯೂ ಇರಲಿಲ್ಲ. ಬ್ಯಾಂಕಿನಲ್ಲಿ 34,000 ರೂಪಾಯಿ, ತಾಯಿಯ ಕೈಯಲ್ಲಿ ಎರಡು ಬಳೆ; ಇಷ್ಟೇ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಬರೆಯಲು ಕುಳಿತೆವು. ಮಗುವಿನ ಅರ್ಧ ಲೀಟರು ಹಾಲಿಗೆ ತಿಂಗಳಿಗೆ 700, ಅಜ್ಜಿಯ ರಕ್ತದೊತ್ತಡದ ಮಾತ್ರೆಗೆ 550. ಈ ಎರಡು ಸಾಲುಗಳನ್ನು ಏನೇ ಆದರೂ ಮುಟ್ಟಬಾರದೆಂದು ಮೊದಲೇ ನಿಶ್ಚಯಿಸಿ ಅಡಿಗೆರೆ ಎಳೆದೆವು. ಉಳಿದುದೆಲ್ಲ ಕತ್ತರಿಗೆ ಸಿಕ್ಕಿತು. ತಿಂಗಳಿಗೆ 12,000 ದಾಟುತ್ತಿದ್ದ ಖರ್ಚು 7,000ಕ್ಕೆ ಇಳಿಯಿತು. ಶಾಲೆಗಳು ತೆರೆಯಲಿಲ್ಲವಾದ್ದರಿಂದ ಸಮವಸ್ತ್ರದ ಹೊಲಿಗೆ ಇರಲಿಲ್ಲ. ಬದಲಿಗೆ ಬಟ್ಟೆಯ ಮಾಸ್ಕು ಹೊಲಿಯುವ ಕೆಲಸ ಬಂತು. ಒಂದಕ್ಕೆ 5 ರೂಪಾಯಿ ಮಜೂರಿ. ತಿಂಗಳಿಗೆ ಎರಡು ಸಾವಿರದಷ್ಟಾಯಿತು. ರೇಶನ್ ಅಂಗಡಿಯಲ್ಲಿ ಅಕ್ಕಿಯ ಜೊತೆಗೆ ಸಕ್ಕರೆ, ಚಹಾಪುಡಿ, ಹೆಸರುಕಾಳು, ಎಣ್ಣೆಗಳಿದ್ದ ಉಚಿತ ಕಿಟ್ಟು ಸಿಕ್ಕಿತು. ಹಿತ್ತಿಲ ಹಲಸಿನ ಮರವಂತೂ ಆ ವರ್ಷ ಮನೆಯ ಹಿರಿಯನಂತೆ ನಿಂತಿತು. ಎಳೆಗಾಯಿಯ ಪಲ್ಯ, ಬಲಿತ ಸೊಳೆಯ ಹುಳಿ, ಹಣ್ಣಿನ ಕಡುಬು, ಬೀಜದ ಸಾರು ಎಂದು ಅಜ್ಜಿ ಎರಡು ತಿಂಗಳು ತರಕಾರಿಯ ಸುದ್ದಿಯನ್ನೇ ಎತ್ತಲಿಲ್ಲ.

ಹಣದ ಲೆಕ್ಕ ಹೀಗೆ ಕಾಗದದ ಮೇಲೆ ನಿಂತಿತು. ನಿಲ್ಲದೆ ಹೋದುದು ದಿನದ ಲೆಕ್ಕ. ರೈಲಿನ ಹೊತ್ತಿಗೆ ಸರಿಯಾಗಿ ಎಚ್ಚರಾಗುತ್ತಿದ್ದ ಮನುಷ್ಯನಿಗೆ ರೈಲೇ ಇಲ್ಲದ ಮೇಲೆ ಬೆಳಗಿಗೂ ಮಧ್ಯಾಹ್ನಕ್ಕೂ ಭೇದ ತಿಳಿಯದು. ಚಾವಡಿಯಲ್ಲಿ ಕೂತರೆ ದಾರಿಯಲ್ಲಿ ಹೋಗುವವರು "ಈಗ ಎಂತ ಮಾಡ್ತಾ ಇದ್ದೀರಿ?" ಎಂದು ಕೇಳುತ್ತಾರೆಂದು ಒಳಗೆ ಕೂರುವುದು, ಒಳಗೆ ಕೂತರೆ ಅಡುಗೆಯವರಿಗೆ ಅಡ್ಡವೆಂದು ಹಿತ್ತಿಲಿಗೆ ಹೋಗುವುದು. ರಾತ್ರಿ ಸಣ್ಣ ಮಾತಿಗೆ ದೊಡ್ಡ ಜಗಳ. ಸಾಬೂನು ಬೇಗ ಕರಗಿತೆಂಬುದಕ್ಕೂ ನಮ್ಮಲ್ಲಿ ಜಗಳವಾಗಿದೆ.

ಆ ದಿನಗಳಿಗೆ ಮತ್ತೆ ಕಟ್ಟು ಹಾಕಿದವಳು ಮಗಳು. ತಂದೆಗೆ ಬೆಳಿಗ್ಗೆ ಕೈ ಬೀಸಿ 'ಟಾಟಾ' ಹೇಳುವುದು ಅವಳು ಕಲಿತ ಮೊದಲ ವಿದ್ಯೆ. ಲಾಕ್‌ಡೌನಿನ ಸಂಗತಿ ಅವಳಿಗೆ ಯಾರು ತಿಳಿಸಬೇಕು? ಏಳೂವರೆಯ ಹೊತ್ತಿಗೆ ತಂದೆಯ ಚೀಲವನ್ನು ಎಳೆದುಕೊಂಡು ಬಂದು ಮೆಟ್ಟಿಲ ಬಳಿ ಇಟ್ಟು ಕೈ ಬೀಸುತ್ತಿದ್ದಳು. ಹೋಗದಿದ್ದರೆ ಅಳು. ಹೀಗಾಗಿ ತಂದೆ ದಿನವೂ ಚೀಲ ಹೆಗಲಿಗೇರಿಸಿ, ಅಂಗಳ ದಾಟಿ, ಹಲಸಿನ ಮರಕ್ಕೆ ಒಂದು ಸುತ್ತು ಬಂದು ಒಳಗೆ ಬರುತ್ತಿದ್ದರು. ಮಗಳು ಮಂಗಳೂರಿನಿಂದ ಬಂದವರನ್ನು ಎದುರುಗೊಳ್ಳುವಂತೆ ಕುಣಿಯುತ್ತಿದ್ದಳು. ಮೊದಮೊದಲು ಇದನ್ನು ನೋಡಿ ತಾಯಿ ಒಳಗೆ ಹೋಗಿ ಕಣ್ಣೊರೆಸಿಕೊಂಡದ್ದುಂಟು. ವಾರ ಕಳೆಯುವಷ್ಟರಲ್ಲಿ ಆ ಸುತ್ತಿನಲ್ಲೇ ಮರದ ಕೆಳಗಿನ ತರಗೆಲೆ ಗುಡಿಸಿ, ಬಾವಿಯಿಂದ ಎರಡು ಕೊಡ ನೀರು ಸೇದಿ ತರುವ ರೂಢಿಯಾಯಿತು. ಏಳೂವರೆಗೆ ನೀರು, ಎಂಟಕ್ಕೆ ಮಗುವಿಗೆ ರಾಗಿ ಮಣ್ಣಿ, ಒಂಬತ್ತಕ್ಕೆ ಸ್ನಾನ, ಹತ್ತಕ್ಕೆ ಅಡಕೆಯ ಹಾಳೆಯ ಮೇಲೆ ಕೂರಿಸಿ ಅಂಗಳದ ತುಂಬ ಎಳೆದಾಡುವ ಸವಾರಿ, ಆ ಸವಾರಿಯ ಆಯಾಸಕ್ಕೆ ನಿದ್ರೆ. ಮಗು ಮಲಗಿದ ಎರಡು ಗಂಟೆ ಹೊಲಿಗೆ ಯಂತ್ರಕ್ಕೆ. ಹಸಿವು, ನಿದ್ರೆ, ಆಟ ಎಂಬ ಮೂರು ಮುಳ್ಳುಗಳ ಈ ಗಡಿಯಾರಕ್ಕೆ ಯಾವ ಸರಕಾರವೂ ಬೀಗ ಹಾಕಲಾರದು. ಅಜ್ಜಿ ಅಂದದ್ದೂ ಇದನ್ನೇ: "ಮಗುವಿನ ಹೊಟ್ಟೆಗೆ ಲಾಕ್‌ಡೌನ್ ಉಂಟಾ ಮಗಾ?"

ಆ ಹೊಟ್ಟೆಯೇ ನಮ್ಮ ಗುಟ್ಟಿನ ಭಯವಾಗಿತ್ತು. ದೊಡ್ಡವರ ಬಡತನ ಮುಖದ ಮೇಲೆ ತಡವಾಗಿ ಕಾಣುತ್ತದೆ. ಮಗುವಿನದು ತೂಕದಲ್ಲಿ ಬೇಗ ಕಾಣುತ್ತದೆ. ಒಂದರಿಂದ ಎರಡು ವರ್ಷದ ನಡುವೆ ಮಗು ಸರಾಸರಿ ತಿಂಗಳಿಗೆ 200 ಗ್ರಾಮಿನಷ್ಟು ಏರಬೇಕು. ಅಂಗನವಾಡಿ ಮುಚ್ಚಿದ್ದರಿಂದ ತೂಕ ನೋಡುವ ಏರ್ಪಾಡು ನಿಂತಿತ್ತು. ನೆರೆಯ ತೋಟದ ಯಜಮಾನರ ಮನೆಯಲ್ಲಿ ಅಡಕೆ ತೂಗುವ ನೇತು ತಕ್ಕಡಿಯೊಂದಿತ್ತು. ಹಳೆಯ ಸೀರೆಯನ್ನು ಜೋಳಿಗೆ ಕಟ್ಟಿ, ಪ್ರತಿ ತಿಂಗಳ ಮೊದಲ ದಿನ ಮಗಳನ್ನು ಅದರಲ್ಲಿ ತೂಗಿದೆವು. ಏಪ್ರಿಲಿನಲ್ಲಿ 9 ಕಿಲೋ 400 ಗ್ರಾಮು. ಜುಲೈಯಲ್ಲಿ ಸರಿಯಾಗಿ ಹತ್ತು. ಜುಲೈಯ ಮಳೆಯಲ್ಲಿ ನಾಲ್ಕು ದಿನ ಜ್ವರ ಬಂದು ಬಿಟ್ಟಿತು. ಆಗಸ್ಟಿನಲ್ಲಿ ತೂಗಿದರೆ 9 ಕಿಲೋ 700.

ಅಂದು ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ತಾಯಿ ಬಳೆಗಳನ್ನು ಬಿಚ್ಚಿ ಹಾಸಿಗೆಯ ಮೇಲೆ ಇಟ್ಟರು. ಅಂಗನವಾಡಿಯ ಟೀಚರಿಗೆ ಫೋನು ಮಾಡಿದಾಗ ಅವರು ಗದರುವಂತೆ ಹೇಳಿದರು: "ಬಳೆ ಕೈಯಲ್ಲೇ ಇರಲಿ. ಜ್ವರ ಬಿಟ್ಟ ಮೇಲೆ ಎರಡು ವಾರ ದಿನಕ್ಕೆ ಒಂದು ಸಲ ಹೆಚ್ಚು ಉಣಿಸಿ. ಅಮೃತಂ ಪುಡಿ ಮನೆಗೇ ಕಳಿಸಿದ್ದೇನಲ್ಲ, ಅದನ್ನು ಕಾಯಿಸಿ ಕೊಡಿ." ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳಿಗಾಗಿ ಕೇರಳದ ಅಂಗನವಾಡಿಗಳಲ್ಲಿ ಕೊಡುವ ಪುಡಿ ಇದು. ಗೋಧಿ, ಕಡಲೆ, ನೆಲಗಡಲೆ, ಸೋಯಾ, ಸಕ್ಕರೆ ಕೂಡಿಸಿ ಕುಟುಂಬಶ್ರೀಯ ಹೆಂಗಸರು ತಯಾರಿಸುತ್ತಾರೆ. ಅದರ ಹದವನ್ನು ರೂಪಿಸಿಕೊಟ್ಟದ್ದು ನಮ್ಮ ಕಾಸರಗೋಡಿನದೇ ಆದ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಕೃಷಿ ವಿಜ್ಞಾನ ಕೇಂದ್ರ. ತಂದೆ ಅದನ್ನು ಹಾಲಿನಲ್ಲಿ ಕಾಯಿಸಿ, ಕಾಗೆ ತೋರಿಸಿ, ಅಳಿಲು ತೋರಿಸಿ, ಒಂದೊಂದು ಚಮಚವಾಗಿ ಉಣಿಸಿದರು. ಒಂದು ಬಟ್ಟಲು ಮುಗಿಯಲು ಮುಕ್ಕಾಲು ಗಂಟೆ. ಹೊಲಿಗೆಗೆ ಕೂತ ತಾಯಿಗಾಗಲಿ, ರೈಲು ಹಿಡಿಯುವ ತಂದೆಗಾಗಲಿ ಆ ಮುಕ್ಕಾಲು ಗಂಟೆ ಎಲ್ಲಿಂದ ಬರಬೇಕು? ಸೆಪ್ಟೆಂಬರಿನಲ್ಲಿ ತಕ್ಕಡಿ 10 ಕಿಲೋ 100 ತೋರಿಸಿತು. ತೋಟದ ಯಜಮಾನರು ನಗುತ್ತ, "ಈ ವರ್ಷ ನನ್ನ ಅಡಕೆಗಿಂತ ನಿಮ್ಮ ಫಸಲೇ ಚೆಂದ" ಎಂದರು.

ಅದೇ ತಿಂಗಳು ಬೆಂಗಳೂರಿನಿಂದ ಮಗುವಿನ ಸೋದರಮಾವ ಒಂದು ಕೆಲಸದ ಸುದ್ದಿ ತಿಳಿಸಿದರು. ಸಂಬಳ 18,000. ಎರಡು ರಾತ್ರಿ ಲೆಕ್ಕ ಹಾಕಿದೆವು. ಒಬ್ಬರ ಕೋಣೆ ಬಾಡಿಗೆ, ಊಟ, ಓಡಾಟ ಕಳೆದರೆ ಮನೆಗೆ ಬರುವುದು ಆರೇಳು ಸಾವಿರ. ಇತ್ತ ತಂದೆ ಇಲ್ಲದಿದ್ದರೆ ಹೊಲಿಗೆಯ ಎರಡು ಸಾವಿರವೂ ಹೋಗುವುದು ಖಂಡಿತ. ಸೋಂಕಿನ ಆ ಕಾಲದಲ್ಲಿ ಹೋದವರು ಮತ್ತೆ ಎಂದು ಬಂದಾರೆಂಬ ಭರವಸೆಯೂ ಇಲ್ಲ. ಬೇಡವೆಂದು ತಿಳಿಸಿದೆವು. ಬೀಗರ ಕಡೆಯಲ್ಲಿ "ಅಳಿಯಂದಿರಿಗೆ ಮನೆಯ ನೆರಳು ಹಿಡಿಸಿದೆ" ಎಂಬ ಮಾತು ಹುಟ್ಟಿತೆಂದು ಆಮೇಲೆ ಕೇಳಿದೆವು. ಲೆಕ್ಕದ ಕ್ಯಾಲೆಂಡರು ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಈ ನಡುವೆ ಮಗಳಿಗೆ ಮಾತು ಬಂತು. ನಮ್ಮದು ಕನ್ನಡದ ಮನೆ, ಬೇಲಿಯಾಚೆ ತುಳು, ಅಂಗನವಾಡಿಯ ಟೀಚರು ಫೋನಿನಲ್ಲಿ ಹಾಡಿ ಕಳಿಸುವ ಹಾಡು ಮಲಯಾಳ. ಮನೆಯ ಬೆಕ್ಕನ್ನು ಅವಳು ಬೆಳಿಗ್ಗೆ 'ಬೆಕ್ಕು' ಎಂದರೆ, ಮಧ್ಯಾಹ್ನ 'ಪುಚ್ಚೆ', ಸಂಜೆ 'ಪೂಚ್ಚ'. ಬೆಕ್ಕು ಮೂರಕ್ಕೂ ಬರುತ್ತಿತ್ತು. ಅದನ್ನು ನೋಡುತ್ತಿದ್ದ ತಂದೆಗೆ ಒಂದು ಯೋಚನೆ ಹೊಳೆಯಿತು. ಕನ್ನಡ ಶಾಲೆಯಲ್ಲಿ ಓದಿ, ಮಂಗಳೂರಿನ ಕಾಲೇಜಿಗೆ ಹೋದ ನಮ್ಮಂಥವರಿಗೆ ಮಲಯಾಳ ಕಿವಿಗೆ ಬರುತ್ತದೆ, ಕಣ್ಣಿಗೆ ಬಾರದು. ಈಚೆಯ ಕೆಲಸಕ್ಕೆ ಅರ್ಜಿ ಹಾಕಬೇಕಾದರೆ ಕಣ್ಣಿಗೂ ಬರಬೇಕು. ಪಕ್ಕದ ಮನೆಯ ಹುಡುಗನ ಹಳೆಯ ಒಂದನೇ ತರಗತಿಯ ಪಾಠಪುಸ್ತಕ ತಂದು, ಮಗಳು ಸುಣ್ಣದ ಕಡ್ಡಿಯಿಂದ ಗೀಚುವ ಸ್ಲೇಟಿನ ಇನ್ನೊಂದು ಬದಿಯಲ್ಲಿ ಮೂವತ್ತನಾಲ್ಕರ ತಂದೆ ಅಕ್ಷರ ತಿದ್ದಿದರು. ನವೆಂಬರಿಗೆ ಪತ್ರಿಕೆಯ ತಲೆಬರಹ ಓದುವಷ್ಟಾಯಿತು.

ಡಿಸೆಂಬರಿನಲ್ಲಿ ಉಳಿತಾಯ ಬರಿದಾಯಿತು. ಒಂದು ಬಳೆ ಅಡವಿಗೆ ಹೋಯಿತು. ಆಗ ತೋಟದ ಯಜಮಾನರ ಮನೆಯಲ್ಲಿ ಒಣಗಿದ ಅಡಕೆ ಸುಲಿಯುವ ಕೆಲಸ ಆರಂಭವಾಯಿತು; ಕಿಲೋ ಲೆಕ್ಕದಲ್ಲಿ ಮಜೂರಿ. ಮಗಳು ಮಲಗಿದ ಮೇಲೆ ನಾವಿಬ್ಬರೂ ಹೋಗಿ ಹತ್ತು ಗಂಟೆಯವರೆಗೆ ಸುಲಿದೆವು. ಕರಡು ತಿದ್ದಿದ ಬೆರಳುಗಳಿಗೆ ಮೊದಲ ವಾರ ಗಾಯ, ಎರಡನೆಯ ವಾರ ಜಡ್ಡು. 2021ರ ಮಾರ್ಚ್ 1ರಂದು ತಂದೆ ಈಚೆಯ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತರಾಗಿ ಸೇರಿದರು. ಕನ್ನಡದ ಅರ್ಜಿಯನ್ನೂ ಮಲಯಾಳದ ಸುತ್ತೋಲೆಯನ್ನೂ ಓದಬಲ್ಲವರು ಅಲ್ಲಿ ಬೇಕಾಗಿತ್ತು. ಸಂಬಳ 11,000, ಹಿಂದಿನದಕ್ಕಿಂತ ಐದು ಸಾವಿರ ಕಡಮೆ. ಆದರೆ ಸೈಕಲಿನ ದಾರಿ.

ಸಂಸ್ಕೃತದಲ್ಲಿ 'ಉದ್ಯೋಗ'ವೆಂದರೆ ಪ್ರಯತ್ನ. ಸಂಬಳವೆಂಬ ಅರ್ಥ ಅದರಲ್ಲಿಲ್ಲ. ಆ ಅರ್ಥದಲ್ಲಿ ನೋಡಿದರೆ ನಮ್ಮ ಮನೆ ಆ ಹನ್ನೊಂದು ತಿಂಗಳಲ್ಲಿ ಒಂದು ದಿನವೂ ನಿರುದ್ಯೋಗದಲ್ಲಿರಲಿಲ್ಲ. ಹಾಗೆಂದು ಕೆಲಸ ಹೋದುದು ಒಳ್ಳೆಯದಾಯಿತೆಂದು ನಾವು ಹೇಳುವವರಲ್ಲ. ಅಡವಿಟ್ಟ ಬಳೆ ಬಿಡಿಸಲು ಒಂದೂವರೆ ವರ್ಷ ಹಿಡಿಯಿತು. ಆ ರಾತ್ರಿಗಳ ಜಗಳದ ಮಾತುಗಳಲ್ಲಿ ಕೆಲವು ಇನ್ನೂ ಮರೆತಿಲ್ಲ. ನಾವು ಹೇಳುವುದು ಇಷ್ಟೇ. ದುಡಿಮೆ ತಪ್ಪಿದ ಮನೆಯಲ್ಲಿ ಎಳೆಯ ಮಗುವಿದ್ದರೆ, ನೆಂಟರಿಷ್ಟರು ಆ ಮಗುವನ್ನು ಇನ್ನೊಂದು ಭಾರವೆಂದು ಎಣಿಸಿ ಮರುಗುತ್ತಾರೆ. ನಮ್ಮ ಅನುಭವದಲ್ಲಿ ಭಾರ ಹೊತ್ತವರಲ್ಲಿ ಅವಳೂ ಒಬ್ಬಳು. ಏಳೂವರೆಗೆ ಚೀಲ ಎಳೆದು ತಂದು ನಮ್ಮನ್ನು ಎಬ್ಬಿಸುವವರು ಬೇರೆ ಯಾರೂ ಇರಲಿಲ್ಲ.

ಮಗಳು ಈಗ ಕನ್ನಡ ಮಾಧ್ಯಮದ ಶಾಲೆಗೆ ಹೋಗುತ್ತಾಳೆ. ಆ ತಿಂಗಳುಗಳ ನೆನಪು ಅವಳಿಗೆ ಒಂದಿಷ್ಟೂ ಇಲ್ಲ. ಇರಬೇಕಾದುದೂ ಹಾಗೆಯೇ. ಸಂಜೆಯ ಊಟಕ್ಕೆ ಮಾತ್ರ ತಂದೆಯೇ ಬಡಿಸಬೇಕೆಂದು ಹಟ ಹಿಡಿಯುತ್ತಾಳೆ. ಏಕೆಂದು ಕೇಳಿದರೆ ಅವಳಿಗೆ ತಿಳಿಯದು.